ನನ್ನ ಹೆಸರಿನಲ್ಲಿದ್ದ ಅವನ ಕೆಮ್ಮು

ಚಿಕ್ಕಬಳ್ಳಾಪುರದಲ್ಲಿ ಕಾಲೇಜಿಗೆ ಸೇರಿದ ದಿನ ನಮ್ಮ ಕೈಗೆ ಕೊಟ್ಟ ರಸೀತಿಯಲ್ಲಿ ಗ್ರಂಥಾಲಯ, ಕ್ರೀಡೆ, ಪ್ರಯೋಗಾಲಯ ಎಂದು ಒಂದರ ಕೆಳಗೊಂದು ಬರೆದು, ಕೊನೆಯಲ್ಲಿ ‘ವೈದ್ಯಕೀಯ’ ಅಂತಲೂ ಒಂದು ಸಾಲಿತ್ತು. ಉಳಿದ ಹುಡುಗರು ರಸೀತಿಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಹೋದರು. ನಾನು ಆ ಸಾಲಿನ ಮೇಲೆ ಬೆರಳಿಟ್ಟು ಗುಮಾಸ್ತರನ್ನು ಕೇಳಿದೆ, "ಸಾರ್, ಇದಕ್ಕೆ ಏನು ಕೊಡ್ತೀರ?"

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ಯಾಕಪ್ಪ, ಈಗ್ಲೇ ಬೇಕಾ?" ಅಂದರು.

ಕೊಡುತ್ತಿದ್ದುದು ಇಷ್ಟೇ. ವರ್ಷಕ್ಕೊಂದು ದಿನ ಒಬ್ಬ ಡಾಕ್ಟರು ಬಂದು, ನಮ್ಮನ್ನು ವರಾಂಡದಲ್ಲಿ ಸಾಲಾಗಿ ನಿಲ್ಲಿಸಿ, ನಾಲಿಗೆ ಚಾಚಿಸಿ, ಕಣ್ಣಿನ ರೆಪ್ಪೆ ಎಳೆದು ನೋಡಿ, ಎತ್ತರ ತೂಕ ಬರೆಸಿಕೊಂಡು ಹೋಗುತ್ತಿದ್ದರು. ಅದು ಬಿಟ್ಟರೆ ಆಟದ ಮೇಷ್ಟರ ಕೋಣೆಯಲ್ಲಿ ಒಂದು ಮರದ ಪೆಟ್ಟಿಗೆ. ಅದರಲ್ಲಿ ಹತ್ತಿ, ಟಿಂಚರು, ಒಂದು ಮೊಂಡು ಕತ್ತರಿ. ಹಾಸ್ಟೆಲಿನಲ್ಲಿ ಅದೂ ಇರಲಿಲ್ಲ. ಯಾರಿಗೆ ಮೈ ಬಿಸಿಯಾದರೂ ಅಡುಗೆಯವರು ಮೆಣಸು ಜೀರಿಗೆ ಕುಟ್ಟಿ ಕಷಾಯ ಕಾಯಿಸಿ ಕೊಡುತ್ತಿದ್ದರು. ಅದರ ಖಾರಕ್ಕೆ ಹೆದರಿ ಹುಡುಗರು ಎರಡನೆಯ ಸಲ ಕಾಯಿಲೆ ಬೀಳುತ್ತಿರಲಿಲ್ಲ.

ಇಂಥ ಕಡೆ ನಾನೇ ಒಂದು ಆರೋಗ್ಯ ಇಲಾಖೆಯಾಗಿದ್ದೆ. ಚಿಂತಾಮಣಿಯ ಮನೆಯಿಂದ ಹೊರಟಾಗ ಟ್ರಂಕಿನಲ್ಲಿ ಪುಸ್ತಕಗಳಿಗಿಂತ ಮೊದಲು ಇಟ್ಟುಕೊಂಡದ್ದು ಥರ್ಮಾಮೀಟರು. ನಮ್ಮ ಅಬ್ಬಾ ರೇಷ್ಮೆ ನೂಲಿನ ಮಂಡಿಯೊಂದರಲ್ಲಿ ಗುಮಾಸ್ತರು. ಅವರ ನಾಲ್ಕು ಮಕ್ಕಳಲ್ಲಿ, ಜ್ವರ ಬರಬಹುದು ಅನ್ನಿಸಿದ ಕೂಡಲೇ ಮುಂಗಡವಾಗಿ ಮಲಗಿಬಿಡುತ್ತಿದ್ದವನು ನಾನೊಬ್ಬನೇ. ಹೊಟ್ಟೆಯ ಗಾಳಿ ಎದೆಗೇರಿದರೆ ಹೃದಯ ಹೋಯಿತು ಅನ್ನುತ್ತಿದ್ದೆ. ಕಣ್ಣು ಉರಿದರೆ ಕುರುಡಾದೆ ಅನ್ನುತ್ತಿದ್ದೆ. ಚಿಕ್ಕಬಳ್ಳಾಪುರಕ್ಕೆ ಬಂದ ಮೇಲೂ ಅಲ್ಲಿನ ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ವಾರಕ್ಕೊಮ್ಮೆಯಾದರೂ ನಿಲ್ಲುತ್ತಿದ್ದೆ. ಚೀಟಿ ಬರೆಯುವವರು ನನ್ನ ಹೆಸರು ಕೇಳುವುದನ್ನೇ ಬಿಟ್ಟಿದ್ದರು. ಕಿಟಕಿಗೆ ಮುಖ ತೋರಿಸಿದರೆ ಸಾಕು, ಚೀಟಿ ಹೊರಗೆ ಬರುತ್ತಿತ್ತು. ಹಾಸ್ಟೆಲಿನಲ್ಲಿ ನನ್ನನ್ನು ಕರೆಯುತ್ತಿದ್ದುದೇ ‘ಥರ್ಮಾಮೀಟರ್’ ಎಂದು.

ನನ್ನ ಕೋಣೆಯ ಜೊತೆಗಾರ ಗೌರಿಬಿದನೂರಿನವನು, ಮೇಷ್ಟರ ಮಗ. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ. ಅಡುಗೆಮನೆಗೆ ಅಂಟಿಕೊಂಡ ಹಳೆಯ ಉಗ್ರಾಣವೊಂದನ್ನು ಖಾಲಿ ಮಾಡಿ ನಮ್ಮಿಬ್ಬರಿಗೆ ಕೊಟ್ಟಿದ್ದರು. ಅವನು ಎಲ್ಲದರಲ್ಲೂ ನನಗೆ ತದ್ವಿರುದ್ಧ. ಏನು ಹೇಳಿದರೂ "ಏಮೀ ಕಾದ್ರಾ" ಅನ್ನುವನು. ಏನೂ ಆಗಲ್ಲ ಬಿಡೋ, ಅಂತ. ಮೊದಲ ವರ್ಷ ಒಂದು ಸಂಜೆ ನನಗೆ ಎಡಗೈ ಸೆಳೆದು, ಇದೇ ಕೊನೆ ಅನ್ನಿಸಿದಾಗ, ಅವನು ಎರಡನೇ ಮಾತಾಡದೆ ಯಾರದೋ ಸೈಕಲ್ ಕಿತ್ತುಕೊಂಡು, ನನ್ನನ್ನು ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ತುಳಿದಿದ್ದ. ಡಾಕ್ಟರು ನೋಡಿ, ಎಡಗೈ ಮೇಲೆ ಮಲಗಿದ್ದೆಯಾ ಅಂತ ಕೇಳಿದರು. ಮಲಗಿದ್ದೆ. ವಾಪಸ್ಸು ಬರುವಾಗ ಅವನು ನಗಲಿಲ್ಲ, ಹಾಸ್ಟೆಲಿನಲ್ಲಿ ಯಾರಿಗೂ ಹೇಳಲೂ ಇಲ್ಲ. ಆ ಒಂದು ಸಂಜೆಗಾಗಿ ನಾನು ಅವನಿಗೆ ಏನು ಬೇಕಾದರೂ ಮಾಡುತ್ತಿದ್ದೆ. ಮಾಡಿದೆ ಕೂಡ.

ಎರಡನೇ ವರ್ಷ ದಸರಾ ರಜೆ ಮುಗಿಸಿ ಬಂದವನು ಕೆಮ್ಮು ತಂದ. ಒಂದು ವಾರ, ಎರಡು ವಾರ, ಮೂರು ವಾರ. ಸಂಜೆಯಾದರೆ ಮೈ ಕಾವು. ನನ್ನ ಥರ್ಮಾಮೀಟರಿಗೆ ಬಹಳ ದಿನಗಳ ಮೇಲೆ ನಿಜವಾದ ಕೆಲಸ ಸಿಕ್ಕಿತು. ನೂರಕ್ಕೆ ಸ್ವಲ್ಪ ಹಿಂದೆ ಮುಂದೆ ಪ್ರತಿದಿನ. ಬೆಳಗ್ಗೆ ನೋಡಿದರೆ ಬನಿಯನ್ನು ಬೆವರಿನಲ್ಲಿ ನೆನೆದಿರುತ್ತಿತ್ತು. ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ.

"ಕಫ ಪರೀಕ್ಷೆ ಮಾಡಿಸ್ಕೊಳೋ" ಅಂದೆ.

"ಏಮೀ ಕಾದ್ರಾ. ಬೀಡಿ ಕೆಮ್ಮು."

"ನೀನು ಬೀಡಿ ಸೇದಲ್ವಲ್ಲೋ!"

"ಪಕ್ಕದ ರೂಮೋರು ಸೇದ್ತಾರಲ್ಲ. ನೀನ್ ಒಬ್ಬ, ಯಾರಿಗಾದ್ರೂ ಒಂದು ಕಾಯಿಲೆ ಅಂಟಿಸ್ದೆ ಬಿಡಲ್ಲ."

ಒಂದು ಬೆಳಗ್ಗೆ ಮುಖ ತೊಳೆದು ಬಂದವನು ಕರ್ಚೀಫು ಬಿಚ್ಚಿ ತೋರಿಸಿದ. ದಾರದೆಳೆಯಷ್ಟು ಕೆಂಪು. ಆವತ್ತು ಅವನ ಬಾಯಿಂದ ‘ಏಮೀ ಕಾದ್ರಾ’ ಹೊರಡಲಿಲ್ಲ. ಬಾಗಿಲು ಹಾಕಿ ನನ್ನ ಟ್ರಂಕಿನ ಮೇಲೆ ಕೂತ.

"ನಮ್ಮಕ್ಕನ್ನ ದೊಡ್ಡಬಳ್ಳಾಪುರದ ಕಡೆಯೋರು ನೋಡ್ಕೊಂಡು ಹೋಗಿದ್ದಾರೆ ಕಣೋ. ಮಾತು ಇನ್ನೂ ಮುಗಿದಿಲ್ಲ. ಈಗ ನನ್ ಹೆಸರು ಆ ರಿಜಿಸ್ಟ್ರಲ್ಲಿ ಬಿದ್ರೆ ಕ್ಷಯದ ಮನೆ ಅಂದ್ಬಿಡ್ತಾರೆ. ನಮ್ಮಪ್ಪನ ಹತ್ರ ಓದಿದೋರು ಇಬ್ರು ಆ ಆಸ್ಪತ್ರೇಲೇ ಕೆಲಸಕ್ಕಿದ್ದಾರೆ. ಸಂಜೆ ಬಸ್ಸಿಗೇ ಸುದ್ದಿ ಊರು ಸೇರುತ್ತೆ."

"ಹಂಗಂತ ಔಷಧಿ ಬೇಡ್ವಾ?"

"ಬೇಕು. ನಿನ್ ಹೆಸರು ಬರ್ಸು."

"ನನ್ ಹೆಸರಾ?"

"ನೀನು ಹೆಂಗಿದ್ರೂ ವಾರವಾರ ಹೋಗ್ತೀಯ. ನೀನು ಅಲ್ಲಿ ನಿಂತ್ರೆ ಯಾರೂ ತಿರುಗಿ ಕೂಡ ನೋಡಲ್ಲ. ಮದುವೆ ಆಗೋವರ್ಗೂ ಅಷ್ಟೇ. ನಿನಗೇನು, ಅಕ್ಕ ಇಲ್ಲ, ತಂಗಿ ಇಲ್ಲ."

ಅದು ನಿಜ, ನಾವು ನಾಲ್ವರೂ ಗಂಡುಮಕ್ಕಳು. ಆದರೂ ಬುದ್ಧಿಯಿದ್ದವನು ಆಗಲ್ಲ ಅನ್ನುತ್ತಿದ್ದ. ನಾನು ಆಗಲಿ ಅಂದೆ. ಸ್ನೇಹಕ್ಕೆ ಅಂತ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ, ಬಹುಪಾಲು ಅದಕ್ಕೇ. ಆದರೆ ಇನ್ನೊಂದು ಕಾರಣವನ್ನೂ ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ. ಅಷ್ಟು ವರ್ಷ ಸಾಲಿನಲ್ಲಿ ನಿಂತರೂ ಡಾಕ್ಟರುಗಳು ನನಗೆ ಏನೂ ಇಲ್ಲ ಎಂದೇ ಕಳಿಸಿದ್ದರು. ಈಗ ಮೊದಲ ಸಲ ನನ್ನ ಹೆಸರಿಗೆ ಒಂದು ನಿಜವಾದ ಕಾಯಿಲೆ ಬರಲಿತ್ತು, ಅದೂ ಬೇರೆಯವನದು.

ಬೆಳಗಿನ ಮೊದಲ ಕಫ ತರಲು ಆಸ್ಪತ್ರೆಯಲ್ಲಿ ಮುಚ್ಚಳದ ಪುಟ್ಟ ಡಬ್ಬಿ ಕೊಟ್ಟರು. ಅವನು ಅದರಲ್ಲಿ ಉಗಿದುಕೊಟ್ಟ, ನಾನು ಕಾಗದ ಸುತ್ತಿ ಒಯ್ದೆ. ನಾಲ್ಕನೇ ದಿನ ಡಾಕ್ಟರು ಕರೆಸಿ, ನನ್ನ ಎದೆಗೆ ಬೆನ್ನಿಗೆ ಸ್ಟೆತಸ್ಕೋಪು ಇಟ್ಟು, ಉಸಿರೆಳೆಸಿ, ಬಿಡಿಸಿ, ಹುಬ್ಬು ಗಂಟಿಕ್ಕಿದರು. ಮತ್ತೆ ಲ್ಯಾಬಿನ ಚೀಟಿ ನೋಡಿದರು.

"ಎದೆ ಕ್ಲೀನಾಗಿ ಕೇಳುಸ್ತಿದೆಯಲ್ಲೋ. ಆದ್ರೆ ಕಫದಲ್ಲಿ ಬಂದಿದೆ. ಮನುಷ್ಯ ಸುಳ್ಳು ಹೇಳಬಹುದು, ಕಫ ಹೇಳಲ್ಲ" ಅಂದು ಕಾರ್ಡು ಬರೆದರು. ಹೆಸರಿನ ಜಾಗದಲ್ಲಿ ನನ್ನ ಹೆಸರು, ಅಪ್ಪನ ಹೆಸರಿನ ಜಾಗದಲ್ಲಿ ಪಾಪ, ನಮ್ಮ ಅಬ್ಬಾನ ಹೆಸರು.

ಮಾತ್ರೆ ಕೊಡುವ ಕೋಣೆಯಲ್ಲಿ ಒಬ್ಬ ಸಿಸ್ಟರಮ್ಮ ಇದ್ದರು. ದಪ್ಪ ಕನ್ನಡಕ, ಬಿಳಿ ಸೀರೆಯ ಮೇಲೆ ನೀಲಿ ಸ್ವೆಟರು. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಕಾಲೇಜಿನಲ್ಲಿ ಯಾವ ಮೇಷ್ಟರೂ ಮಾಡದಷ್ಟು ನಿಧಾನವಾಗಿ ಪಾಠ ಮಾಡಿದರು.

"ಆರು ತಿಂಗಳು. ಒಂದು ದಿನಾನೂ ಬಿಡಂಗಿಲ್ಲ. ಬೆಳಗ್ಗೆ ಖಾಲಿ ಹೊಟ್ಟೇಲಿ ನುಂಗ್ಬೇಕು. ಕೆಮ್ಮುವಾಗ ಬಾಯಿಗೆ ಬಟ್ಟೆ. ಕಂಡಕಂಡ ಕಡೆ ಉಗೀಬೇಡ, ಡಬ್ಬೀಲಿ ಉಗಿದು ಸುಟ್ಹಾಕು. ಕಿಟಕಿ ತೆಗೆದಿಟ್ಕೊಂಡು ಮಲಗು. ತಟ್ಟೆ ಲೋಟದಿಂದ ಅಂಟಲ್ಲ ಇದು, ಗಾಳೀಲಿ ಅಂಟೋದು, ಅದಕ್ಕೆ ಯಾರ್ ಏನಂದ್ರೂ ಬೇಜಾರ್ ಮಾಡ್ಕೋಬೇಡ. ಎರಡು ತಿಂಗಳಿಗೆ ಗಟ್ಟಿಮುಟ್ಟಾಗ್ತೀಯ. ಮೋಸ ಆಗೋದು ಆವಾಗ್ಲೇ! ವಾಸಿ ಆಯ್ತು ಅಂತ ಬಿಟ್ಬಿಡ್ತಾರೆ. ಬಿಟ್ರೆ ತಿರ್ಗಾ ಬರುತ್ತೆ, ಬಂದಾಗ ಈ ಮಾತ್ರೆಗೆ ಬಗ್ಗಲ್ಲ. ಇನ್ನೊಂದು, ಈ ಕೆಂಪು ಕ್ಯಾಪ್ಸೂಲು ತಿಂದ್ರೆ ಮೂತ್ರ ಕಿತ್ತಳೆ ಬಣ್ಣಕ್ಕೆ ಹೋಗುತ್ತೆ. ಹೆದರ್ಕೋಬೇಡ. ಹದಿನೈದು ದಿನಕ್ಕೊಂದ್ಸಲ ಮಾತ್ರೆಗೆ ಬರುವಾಗ ಒಂದು ಸೀಸೇಲಿ ತಂದು ತೋರಿಸ್ಬೇಕು. ನೀನು ತಿಂದಿದ್ಯೋ ಇಲ್ವೋ ಅಂತ ಅದು ನಂಗೆ ಹೇಳುತ್ತೆ."

ನಾನು ಎಲ್ಲವನ್ನೂ ನೋಟುಬುಕ್ಕಿನಲ್ಲಿ ಬರೆದುಕೊಂಡೆ. "ಬರ್ಕೊಳ್ಳೋ ಪೇಷಂಟನ್ನ ಇವತ್ತೇ ನೋಡಿದ್ದು" ಅಂತ ಸಿಸ್ಟರಮ್ಮ ಖುಷಿಪಟ್ಟರು.

ಮೊದಲೆರಡು ತಿಂಗಳು ನನ್ನ ಜೀವನದಲ್ಲೇ ನಾನು ಅತ್ಯಂತ ಉಪಯೋಗಕ್ಕೆ ಬಂದ ಕಾಲ. ಬೆಳಗ್ಗೆ ಐದಕ್ಕೆ ಅವನನ್ನು ಎಬ್ಬಿಸಿ, ಅಂಗೈಗೆ ಮಾತ್ರೆ ಸುರಿದು, ಗುಟುಕು ಇಳಿಯುವವರೆಗೆ ಗಂಟಲನ್ನೇ ನೋಡುತ್ತಿದ್ದೆ. ಉಗಿದ ಡಬ್ಬಿಯನ್ನು ಅಡುಗೆಯವರ ಒಲೆಗೆ ಸೇರಿಸುತ್ತಿದ್ದೆ. ಎರಡು ವಾರಕ್ಕೊಮ್ಮೆ ಟಾನಿಕ್ಕಿನ ಸೀಸೆಯಲ್ಲಿ ಅವನ ಕಿತ್ತಳೆ ಬಣ್ಣವನ್ನು ಹೊತ್ತು ಆಸ್ಪತ್ರೆಗೆ ನಡೆಯುತ್ತಿದ್ದೆ. ಒಂದೇ ಒಂದು ತೊಂದರೆ ತೂಕದ್ದು. ತೂಗುತ್ತಿದ್ದುದು ನನ್ನನ್ನು. ಮಾತ್ರೆ ನುಂಗಿ ಅವನು ತುಂಬಿಕೊಳ್ಳುತ್ತಿದ್ದ. ಚಿಂತೆ ನುಂಗಿ ನಾನು ಇಳಿಯುತ್ತಿದ್ದೆ. ಎರಡು ತಿಂಗಳಾದ ಮೇಲೆ ಕಫದಲ್ಲಿ ಕ್ರಿಮಿ ಇಲ್ಲ ಎಂದು ಬಂದಾಗ ಸಿಸ್ಟರಮ್ಮ ಕಾರ್ಡು ನೋಡಿ ತಲೆ ಕೆರೆದುಕೊಂಡರು.

"ಕಾಯಿಲೆ ಹೋಗ್ತಿದೆ, ಅದರ ಜೊತೆ ನೀನೂ ಹೋಗ್ತಿದ್ದೀಯಲ್ಲೋ ಮಗಾ. ಮೊಟ್ಟೆ ತಿನ್ನು."

ಮೂರನೇ ತಿಂಗಳ ಒಂದು ಭಾನುವಾರ, ಪಕ್ಕದ ಕೋಣೆಯ ಹುಡುಗರು ಇಸ್ಪೀಟು ಎಲೆ ಹುಡುಕುತ್ತ ಅವನ ಟ್ರಂಕು ತೆಗೆದರು. ಎಲೆಯ ಬದಲು ಕ್ಯಾಪ್ಸೂಲಿನ ಪೊಟ್ಟಣ ಸಿಕ್ಕಿತು. ಅವರಲ್ಲೊಬ್ಬನ ಚಿಕ್ಕಪ್ಪನಿಗೆ ಇದೇ ಕಾಯಿಲೆ ಆಗಿತ್ತಂತೆ, ನೋಡಿದ ಕೂಡಲೇ ಗುರುತು ಹಿಡಿದ. ನಾನು ಆಗ ಬಟ್ಟೆ ಒಗೆಯಲು ಹೋಗಿದ್ದೆ. ಬಕೆಟ್ಟು ಹಿಡಿದು ವಾಪಸ್ಸು ಬಂದಾಗ ವರಾಂಡದಲ್ಲಿದ್ದ ಐದಾರು ಜನ ಮಾತು ನಿಲ್ಲಿಸಿ ಗೋಡೆಗೆ ಸರಿದು ನನಗೆ ದಾರಿ ಬಿಟ್ಟರು. ಅಷ್ಟು ಮರ್ಯಾದೆ ಹಾಸ್ಟೆಲಿನಲ್ಲಿ ನನಗೆ ಎಂದೂ ಸಿಕ್ಕಿರಲಿಲ್ಲ.

ಒಬ್ಬ ಹೇಳಿದ, "ಥರ್ಮಾಮೀಟ್ರೂ, ಮೊದ್ಲೇ ಹೇಳ್ಬಾರ್ದಾಗಿತ್ತೇನೋ? ಪಾಪ, ನಿನ್ ಮಾತ್ರೆನೆಲ್ಲ ಅವನು ಮುಚ್ಚಿಟ್ಕೊಂಡು ಎಷ್ಟು ದಿನ ಕಾಪಾಡ್ತಾನೆ?"

ನಾನು ಕೋಣೆಯೊಳಗೆ ನೋಡಿದೆ. ಅವನು ಹಾಸಿಗೆ ಸುತ್ತುತ್ತಿದ್ದ. ನನ್ನತ್ತ ನೋಡದೆಯೇ ಬಗಲಿಗಿರಿಸಿಕೊಂಡು, ಇನ್ನೊಂದು ಕೈಯಲ್ಲಿ ಟ್ರಂಕು ಎಳೆದುಕೊಂಡು, ನಾಲ್ಕು ಹುಡುಗರಿದ್ದ ಆ ಪಕ್ಕದ ಕೋಣೆಗೆ ಹೋದ. ಆವತ್ತು ಊಟಕ್ಕೆ ಕೂತಾಗ ನನ್ನ ತಟ್ಟೆಯ ಅಂಚಿನಲ್ಲಿ ಮೊಳೆಯಿಂದ ಗೀಚಿದ ಗುರುತಿತ್ತು. ಅಡುಗೆಯವರು ಮೇಲಿನಿಂದ ಸಾರು ಬಿಟ್ಟರು.

ಸಂಜೆ ಅವನು ಕಿಟಕಿಯ ಹೊರಗೆ ನಿಂತು ಪಿಸುಗುಟ್ಟಿದ.

"ಬಾಯಿಗೆ ಬಂದ್ಬಿಡ್ತು ಕಣೋ. ಏನ್ ಮಾಡ್ಲಿ, ಕಾರ್ಡು ಹೆಂಗಿದ್ರೂ ನಿನ್ ಹೆಸರಲ್ಲೇ ಇದೆಯಲ್ಲ."

"ಅದು ಸರಿ, ರೂಮ್ ಯಾಕ್ ಬಿಟ್ಟೆ?"

"ಬಿಡದಿದ್ರೆ ಅನುಮಾನ ಬರಲ್ವಾ? ಟೀಬಿ ಇರೋನ ಪಕ್ಕ ಯಾರಾದ್ರೂ ಮಲಗ್ತಾರಾ?"

ಇಷ್ಟು ನ್ಯಾಯವಾದ ಮಾತಿಗೆ ತಲೆಯಾಡಿಸಿದೆ. ನಗು ಕೂಡ ಬಂತು. ಹೋಗಲಿ, ಇನ್ನು ಮೂರು ತಿಂಗಳು, ಅವನ ಅಕ್ಕನ ಮದುವೆಯಾಗಿಬಿಡಲಿ ಅಂದುಕೊಂಡೆ. ಬೆಳಗ್ಗೆ ಐದಕ್ಕೆ ಎಬ್ಬಿಸಲು ಆಗದ್ದು ಒಂದೇ ಚಿಂತೆಯಾಯಿತು. "ಬಚ್ಚಲಿಗೆ ಹೋಗಿ ನುಂಗ್ತೀನಿ ಬಿಡೋ, ನೀನೇನು ನಮ್ಮಮ್ಮನಾ?" ಅಂದ. ಆಮೇಲೆ ನಮ್ಮ ವ್ಯವಹಾರವೆಲ್ಲ ಕಿಟಕಿಯಲ್ಲೇ. ನಾನು ಮಾತ್ರೆ ಕೊಡುವುದು, ಅವನು ಸೀಸೆ ಕೊಡುವುದು.

ಸುದ್ದಿ ಚಿಂತಾಮಣಿಗೆ ಯಾವ ಬಸ್ಸಿನಲ್ಲಿ ಹೋಯಿತೋ ಗೊತ್ತಿಲ್ಲ. ಹತ್ತು ದಿನಕ್ಕೆ ಅಮ್ಮಿ ಬಂದಳು. ಅದುವರೆಗೆ ಒಬ್ಬಳೇ ಊರು ದಾಟಿದವಳಲ್ಲ. ಬುರ್ಖಾದ ಮೇಲೆಲ್ಲ ಧೂಳು, ಕೈಯಲ್ಲಿ ಬುತ್ತಿಯ ಡಬ್ಬಿ, ಕೊರಳಿಗೆ ಕಟ್ಟಲು ದರ್ಗಾದ ತಾಯಿತ. ಹಾಸ್ಟೆಲಿನ ಅಂಗಳದಲ್ಲಿ ಹೊಂಗೆ ಮರದ ಕೆಳಗೆ ಕೂತು ನನ್ನ ಪಕ್ಕೆಲುಬು ಮುಟ್ಟಿ ಮುಟ್ಟಿ ನೋಡಿದಳು.

"ಕೈಕೂ ನೈ ಬೋಲ್ಯಾ ರೇ?" ಯಾಕೆ ಹೇಳಲಿಲ್ಲವೋ ಅಂತ ಅದನ್ನೇ ಕೇಳಿದಳು, ಬೇರೆ ಏನೂ ಕೇಳಲಿಲ್ಲ.

ನನಗೆ ಏನೂ ಇಲ್ಲ ಅಮ್ಮಿ ಎಂದು ಹೇಳಲು ಬಾಯಿ ತೆರೆದೆ. ಅದು ನಾನು ಹುಟ್ಟಿದಾಗಿನಿಂದ ಅವಳು ಕೇಳಲು ಹಂಬಲಿಸಿದ್ದ ಮಾತು. ವರಾಂಡದ ಕಂಬಕ್ಕೊರಗಿ ಅವನು ನಿಂತಿದ್ದ. ನಾನು ಬಾಯಿ ಮುಚ್ಚಿಕೊಂಡೆ. ನನ್ನಮ್ಮ ಒಂದು ಗಂಟೆ ಅತ್ತು, ಕಡೆಯ ಬಸ್ಸು ತಪ್ಪುತ್ತದೆಂದು ಎದ್ದು ಹೋದಳು. ಡಬ್ಬಿಯಲ್ಲಿ ಹತ್ತು ಬೇಯಿಸಿದ ಮೊಟ್ಟೆ, ಹುರಿದ ಲಿವರು ಇತ್ತು. ಅವನಿಗೆ ಶಕ್ತಿ ಬೇಕೆಂದು ಮೊಟ್ಟೆಗಳನ್ನು ಕಿಟಕಿಯಲ್ಲಿ ದಾಟಿಸಿದೆ. ಎಣಿಸಿದರೆ ಒಂದೂ ವಾಪಸ್ಸು ಬರಲಿಲ್ಲ. "ಲಿವರ್ ಎಲ್ಲೋ?" ಅಂತ ಕೇಳಿದ.

ನಾಲ್ಕೂವರೆ ತಿಂಗಳಾದಾಗ ಒಂದು ಬೆಳಗ್ಗೆ ಎಂದಿನಂತೆ ಸೀಸೆ ಒಯ್ದು ಕೊಟ್ಟೆ. ಸಿಸ್ಟರಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಇಳಿಸುವವರಿದ್ದರು, ಮತ್ತೆ ಎತ್ತಿದರು. ಮೆಲ್ಲಗೆ ಓರೆ ಮಾಡಿದರು. ಸೀಸೆಯ ತಳದಲ್ಲಿ ಕೆಂಪು ರವೆಯಂಥದ್ದೊಂದು ಜಾರಿತು. ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಮೂವತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ ಕಣಪ್ಪ. ಮಾತ್ರೆ ತಿಂದೋರದ್ದು ಪೂರ್ತಿ ಒಂದೇ ಬಣ್ಣ. ಹಿಂಗೆ ತಳದಲ್ಲಿ ಕೂರಲ್ಲ. ಇದು ಜಿಲೇಬಿಗೆ ಹಾಕೋ ಬಣ್ಣ. ಎಷ್ಟು ದಿನದಿಂದ ನನ್ ಕಣ್ಣಿಗೆ ಮಣ್ಣೆರಚ್ತಿದ್ದೀಯ?"

ನಾನಲ್ಲ ಅನ್ನುವಂತಿಲ್ಲ, ಹೌದು ಅನ್ನುವಂತಿಲ್ಲ.

"ನಿನ್ನಂಥೋನ್ನ ನಂಬಿದ್ನಲ್ಲ ನಾನು! ಬರ್ಕೊಂಡ್ಯಲ್ಲೋ ಎಲ್ಲಾನೂ!" ಅವರಿಗೆ ಸಿಟ್ಟಿಗಿಂತ ಅಳುವೇ ಬಂದಂತಿತ್ತು. "ಈಗ ಬಿಟ್ರೆ ಏನಾಗುತ್ತೆ ಗೊತ್ತಾ? ನೀನಷ್ಟೇ ಅಲ್ಲ, ನಿನ್ ಪಕ್ಕ ಮಲಗೋರ ಗತಿ?"

ಪಕ್ಕದ ಕೋಣೆಯ ನಾಲ್ವರು ನನಗೆ ನೆನಪಾದರು. ಸೊಳ್ಳೆ ಕಾಟಕ್ಕೆ ಕಿಟಕಿ ಹಾಕಿಕೊಂಡು ಮಲಗುತ್ತಿದ್ದರು.

ಮಧ್ಯಾಹ್ನ ಅವನನ್ನು ಕಾಲೇಜಿನ ಹಿಂದಿನ ಬಯಲಿಗೆ ಕರೆದುಕೊಂಡು ಹೋಗಿ ಸೀಸೆ ಮುಂದೆ ಹಿಡಿದೆ. ಅವನು ಅದನ್ನೂ ನನ್ನನ್ನೂ ನೋಡಿ, ಹುಲ್ಲು ಕಿತ್ತು ಬಾಯಿಗಿಟ್ಟುಕೊಂಡ.

"ಎಷ್ಟು ದಿನ ಆಯ್ತು ಬಿಟ್ಟು?"

"ಒಂದೂವರೆ ತಿಂಗಳು."

"ರೂಮ್ ಬಿಟ್ಟಾಗಿನಿಂದ?"

"ಬಾಯೆಲ್ಲ ಕಹಿ ಕಣೋ. ವಾಂತಿ ಬರೋದು. ಆಮೇಲೆ, ನಂಗೆ ವಾಸಿಯಾಗೋಯ್ತಲ್ಲ. ನೋಡು ನನ್ನ!" ಎದೆಯುಬ್ಬಿಸಿ ತೋರಿಸಿದ. ನಿಜ, ನನಗಿಂತ ಎರಡರಷ್ಟಿದ್ದ. ಎದೆಯುಬ್ಬಿಸಿದ್ದಕ್ಕೆ ಸಣ್ಣಗೆ ಕೆಮ್ಮು ಬಂತು, ನುಂಗಿಕೊಂಡ.

"ಬಿಟ್ಟಿದ್ದನ್ನ ಹೇಳ್ಬಾರ್ದಾಗಿತ್ತಾ ನಂಗೆ?"

"ಹೇಳಿದ್ರೆ ನೀನು ಬಿಡ್ತಿದ್ಯಾ? ಪ್ರಾಣ ತಿಂತಿದ್ದೆ."

ಬೇಕರಿಗೆ ಹೋಗಿ ಬಣ್ಣದ ಪುಡಿ ಕೊಂಡುಕೊಂಡಿದ್ದಾನೆ. ಎಷ್ಟು ಚಿಟಿಕೆಗೆ ಎಷ್ಟು ಕಿತ್ತಳೆಯಾಗುತ್ತದೆಂದು ಬಚ್ಚಲಲ್ಲಿ ನಿಂತು ಹದ ನೋಡಿದ್ದಾನೆ. ಇದೆಲ್ಲ ಸಿಸ್ಟರಮ್ಮನಿಗಾಗಿ ಅಂತ ಅವನು ಹೇಳಬಹುದು. ಆದರೆ ಸೀಸೆಯನ್ನು ಮೊದಲು ಕೈಗೆ ತೆಗೆದುಕೊಂಡು, ಬಣ್ಣ ನೋಡಿ, ‘ಚೆನ್ನಾಗಿದೆ’ ಎಂದು ಸಮಾಧಾನದಿಂದ ಹೊರಡುತ್ತಿದ್ದವನು ನಾನು. ಬಯಲಲ್ಲಿ ನಿಂತು ನನಗೆ ಹೊಟ್ಟೆ ಉರಿದದ್ದು ಅದಕ್ಕೆ. ಪ್ರಾಣದ ವಿಷಯದಲ್ಲಿ ಸುಳ್ಳು ಹೇಳಿದನಲ್ಲ ಅನ್ನುವುದು ಎರಡನೆಯದಾಗಿ ಹೊಳೆಯಿತು.

"ಆ ನಾಲ್ಕು ಜನ ನಿನ್ ಜೊತೆ ಮಲಗ್ತಾರೆ ಕಣೋ."

"ಏಮೀ ಕಾದ್ರಾ. ನೀನು ಮಲಗಿರ್ಲಿಲ್ವಾ? ನಿನಗೇನಾದ್ರೂ ಆಯ್ತಾ?"

"ನಾಳೆ ಸಿಸ್ಟರಮ್ಮನಿಗೆ ಹೇಳ್ಬಿಡ್ತೀನಿ."

ಅವನು ಹುಲ್ಲು ಉಗಿದು ನನ್ನ ಕೈ ಹಿಡಿದುಕೊಂಡ. "ಬರೋ ತಿಂಗಳು ಅಕ್ಕನ ನಿಶ್ಚಿತಾರ್ಥ. ಮಾತು ಕೊಟ್ಟಿದ್ಯ ನೀನು. ಇಷ್ಟು ದಿನ ಇಟ್ಕೊಂಡು ಈಗ ಕೈ ಬಿಟ್ರೆ ನೀನ್ ಮನುಷ್ಯನಾ?"

ಆಮೇಲೆ ಎರಡು ದಿನ ನಾನು ಹೇಳಲಿಲ್ಲ. ಚಿಂತೆ ಮಾಡುವವನಿಗೆ ತೀರ್ಮಾನ ಬೇಗ ಬರುವುದಿಲ್ಲ, ಎಲ್ಲ ಕಡೆಯ ಕೇಡೂ ಕಾಣುತ್ತಿರುತ್ತದೆ. ಹೇಳಿದರೆ ಒಂದು ಹೆಣ್ಣಿನ ಮದುವೆ ನಿಲ್ಲುತ್ತದೆ. ಹೇಳದಿದ್ದರೆ ಇವನು ಸಾಯುತ್ತಾನೆ, ಇನ್ನೂ ಯಾರ್ಯಾರನ್ನೋ ಜೊತೆಗೆ ಕರೆದುಕೊಂಡು ಹೋಗುತ್ತಾನೆ. ಮೂರನೇ ದಿನ ಊಟದ ಸಾಲಿನಲ್ಲಿ ಅವನ ಪಕ್ಕ ಕೂತಿದ್ದ ಹುಡುಗ ಕೆಮ್ಮಿದ. ಅನ್ನದ ಅಗುಳು ನೆತ್ತಿಗೇರಿತ್ತು, ಅಷ್ಟೇ. ನಾನು ಕೈ ತೊಳೆಯದೆ ಆಸ್ಪತ್ರೆಗೆ ಓಡಿದೆ.

ಸಿಸ್ಟರಮ್ಮ ಪೂರ್ತಿ ಕೇಳಿದರು. ಕಾರ್ಡು ತೆಗೆದು ನನ್ನ ತೂಕಗಳನ್ನು ಒಂದೊಂದಾಗಿ ಓದಿದರು.

"ಇಬ್ರೂ ಸೇರ್ಕೊಂಡು ನನ್ನ ಮಂಗ ಮಾಡಿದ್ರಿ" ಅಂದರು. "ಅವನು ಬಿಟ್ಟಿದ್ದು ಮೂರ್ಖತನ. ನೀನು ಮಾಡಿದ್ದು ಏನು ಗೊತ್ತಾ? ಅವನ ಮುಖ ನೋಡಿ ಎರಡು ಮಾತು ಹೇಳೋ ಅವಕಾಶಾನೇ ನಂಗೆ ಕೊಡ್ಲಿಲ್ಲ. ನಿನ್ ಮುಖ ನೋಡ್ಕೊಂಡು ಹೇಳ್ತಾ ಕೂತಿದ್ದೆ."

ಅದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಸಹಾಯ ಎಂದುಕೊಂಡು ನಾನು ಇಬ್ಬರ ನಡುವೆ ಗೋಡೆಯ ಹಾಗೆ ನಿಂತಿದ್ದೆ.

ಅವರೇ ಹಾಸ್ಟೆಲಿಗೆ ಬಂದರು, ಗದ್ದಲ ಮಾಡಲಿಲ್ಲ. ಅವನನ್ನು ಪಕ್ಕಕ್ಕೆ ಕರೆದು ಡಬ್ಬಿ ಕೊಟ್ಟರು. ಕಫದಲ್ಲಿ ಮತ್ತೆ ಬಂದಿತ್ತು. ಆ ನಾಲ್ವರನ್ನೂ ನನ್ನನ್ನೂ ಪರೀಕ್ಷೆ ಮಾಡಿಸಿದರು, ಯಾರಿಗೂ ಇರಲಿಲ್ಲ. ಅವನ ತಂದೆಗೆ ಹೇಳಿಕಳಿಸಿ, ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಚೀಟಿ ಬರೆಸಿಕೊಟ್ಟರು.

ಮೇಷ್ಟರು ಬಾಡಿಗೆ ಕಾರಿನಲ್ಲಿ ಬಂದರು. ಇಸ್ತ್ರಿಯ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಮಗನನ್ನು ಕಾರಿನಲ್ಲಿ ಕೂರಿಸಿ, ಟ್ರಂಕು ಇಡಿಸಿ, ನನ್ನತ್ತ ಬಂದರು. ನಾನು ಕೈ ಮುಗಿದೆ. ಅವರ ದನಿ ಪಾಠ ಹೇಳುವ ದನಿಯೇ, ಏರಲಿಲ್ಲ.

"ಕಾಯಿಲೆ ಯಾರಿಗಾದ್ರೂ ಬರುತ್ತಪ್ಪ, ಅದು ನಿನ್ ತಪ್ಪಲ್ಲ. ಆದ್ರೆ ಇದೆ ಅಂತ ಗೊತ್ತಿದ್ಮೇಲೆ ಬೇರೆ ರೂಮ್ ಕೇಳ್ಕೊಂಡು ಹೋಗ್ಬೇಕಿತ್ತು. ನಮ್ಮ ಹುಡುಗನಿಗೂ ಅಂಟಿಸ್ದೆಯಲ್ಲ."

ಕಾರಿನ ಕಿಟಕಿ ಇಳಿಸಿತ್ತು. ನಾಲ್ಕು ಮಾರು ದೂರ. ಅವನಿಗೆ ಪ್ರತಿ ಅಕ್ಷರವೂ ಕೇಳಿಸುತ್ತಿತ್ತು. ನಾನು ಅವನ ಮುಖ ನೋಡಿದೆ, ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಅಂತ. ಅವನು ಗಾಜು ಏರಿಸಿಕೊಂಡ.

"ತಪ್ಪಾಯ್ತು ಸಾರ್" ಅಂದೆ.

ಅವನ ಅಕ್ಕನ ಮದುವೆ ಹೊತ್ತಿಗೆ ಸರಿಯಾಗಿಯೇ ನಡೆಯಿತಂತೆ. ನನಗೆ ಕರೆಯೋಲೆ ಬರಲಿಲ್ಲ. ಅವನು ಬದುಕಿದ್ದಾನೆ, ವಾಸಿಯಾಯಿತು ಅನ್ನುವುದನ್ನೂ ಯಾರ್ಯಾರನ್ನೋ ಕೇಳಿಯೇ ತಿಳಿದುಕೊಂಡೆ. ಕಾಗದ ಬರೆದೆ, ಉತ್ತರವಿಲ್ಲ. ಹಾಸ್ಟೆಲಿನಲ್ಲಿ ನಾನು ಪದವಿ ಮುಗಿಸುವವರೆಗೂ ಗುರುತಿನ ತಟ್ಟೆಯಲ್ಲೇ ಉಂಡೆ. ನನಗಿಲ್ಲ ಎಂದು ಆಸ್ಪತ್ರೆಯ ಕಾಗದವನ್ನೇ ತೋರಿಸಿದರೂ ಅಡುಗೆಯವರು, "ಇರ್ಲಿ ಬಿಡಪ್ಪ, ಅಭ್ಯಾಸ ಆಗಿದೆಯಲ್ಲ" ಅಂದರು.

ಅದಾಗಿ ಏಳೆಂಟು ವರ್ಷ ಕಳೆದಿರಬೇಕು. ತೊಂಬತ್ತರ ದಶಕದ ನಡುವೆ, ನಾನು ಶಿಡ್ಲಘಟ್ಟದಲ್ಲಿ ಸರ್ಕಾರಿ ಗುಮಾಸ್ತನಾಗಿದ್ದೆ. ಕಚೇರಿಯ ಕೆಲಸಕ್ಕೆ ಗೌರಿಬಿದನೂರಿಗೆ ಹೋಗಿದ್ದವನು, ಅಲ್ಲಿಂದ ಹಿಂದೂಪುರಕ್ಕೆ ಹೋಗಬೇಕಾಗಿ ಬಂದು ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದೆ. ಪ್ಲಾಟ್‌ಫಾರಂ ಮೇಲೆ ಒಬ್ಬ ತುಂಬಿದ ಮೈಯವನು, ಹೆಂಡತಿ, ಎರಡು ವರ್ಷದ ಮಗು. ಗುರುತು ಸಿಕ್ಕಿದ್ದು ನಡಿಗೆಯಿಂದ. ಅವನಿಗೂ ಸಿಕ್ಕಿತು. ತಪ್ಪಿಸಿಕೊಳ್ಳಲು ಆ ಸ್ಟೇಷನ್ನಿನಲ್ಲಿ ಜಾಗವಿರಲಿಲ್ಲ.

"ಅರೆ! ಏನೋ, ಹೆಂಗಿದ್ದೀಯ?" ಅಂತ ಹೆಗಲ ಮೇಲೆ ಕೈ ಹಾಕಿದ. ಕುಡುಮಲಕುಂಟೆಯ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದೇನೆ ಅಂದ. ನನಗೆ ನಾಚಿಕೆಯಾಗುವಷ್ಟು ಸಂತೋಷವಾಯಿತು. ಅವನ ಉಸಿರು ಸಲೀಸಾಗಿತ್ತು, ನಾನು ಕಿವಿಗೊಟ್ಟು ಕೇಳಿದೆ.

ಹೆಂಡತಿ ಮಗುವನ್ನೆತ್ತಿಕೊಂಡು ಹತ್ತಿರ ಬಂದಳು. ಅವನು ನನ್ನನ್ನು ತೋರಿಸಿ ಹೇಳಿದ, "ಹೇಳ್ತಿದ್ನಲ್ಲ, ಹಾಸ್ಟೆಲಲ್ಲಿ ಟೀಬಿ ಆಗಿತ್ತು ಅಂತ, ನಾನು ನೋಡ್ಕೋತಿದ್ದೆ ಅಂತ? ಇವನೇ. ಪಾಪ, ಈಗ ನೋಡು, ಆರಾಮಾಗಿದ್ದಾನೆ."

ಆಕೆ ಮಗುವನ್ನು ನನ್ನ ಕಡೆಯ ಸೊಂಟದಿಂದ ಆ ಕಡೆಯ ಸೊಂಟಕ್ಕೆ ಬದಲಾಯಿಸಿಕೊಂಡಳು. ಒರಟುತನವಿಲ್ಲ, ಯಾವ ತಾಯಿಯೂ ಮಾಡುವಂಥದ್ದು.

"ಈಗ ಪೂರ್ತಿ ವಾಸಿಯಾಗಿದೆಯಾ ಅಣ್ಣಾ?"

"ಪೂರ್ತಿ ವಾಸಿಯಾಗಿದೆ ಅಮ್ಮ" ಅಂದೆ. "ತಪ್ಪದೆ ಮಾತ್ರೆ ತಗೊಂಡ್ರೆ ವಾಸಿಯಾಗೋ ಕಾಯಿಲೇನೇ ಅದು."

"ನೀವು ತಪ್ಪದೆ ತಗೊಂಡ್ರಾ?"

"ಇಲ್ಲ. ನಡುವೆ ಒಂದೂವರೆ ತಿಂಗಳು ಬಿಟ್ಬಿಟ್ಟಿದ್ದೆ. ಯಾರಿಗೂ ಹೇಳ್ದೆ."

"ಅಯ್ಯೋ!" ಅಂದಳು ಆಕೆ. ನಿಜವಾದ ಕಾಳಜಿಯಿಂದಲೇ ಕೇಳಿದಳು, "ನಿಮ್ಮನ್ನ ನೋಡ್ಕೊಳ್ಳೋರು ಪಕ್ಕದಲ್ಲೇ ಇದ್ದಾಗ ಹಂಗ್ಯಾಕೆ ಮಾಡಿದ್ರಣ್ಣ? ಅವರಿಗಾದ್ರೂ ಹೇಳ್ಬಾರ್ದಾಗಿತ್ತಾ?"

ನಾನು ಅವನ ಮುಖ ನೋಡಿದೆ. ಅಣಕಿಸಲು ಅಲ್ಲ. ಏಳೆಂಟು ವರ್ಷದಿಂದ ನನಗೂ ಇದ್ದದ್ದು ಅದೊಂದೇ ಪ್ರಶ್ನೆ, ಈಗ ಆಕೆ ನನಗಿಂತ ಚೆನ್ನಾಗಿ ಕೇಳಿದ್ದಳು. ನಾವಿಬ್ಬರೂ ಉತ್ತರಕ್ಕೆ ಕಾದೆವು, ಆಕೆ ನನ್ನನ್ನು ನೋಡುತ್ತ, ನಾನು ಅವನನ್ನು ನೋಡುತ್ತ.

ಅವನು ಬಗ್ಗಿ ಸೂಟ್‌ಕೇಸಿನ ಹಿಡಿ ಹಿಡಿದುಕೊಂಡ.

"ನಡಿ, ಟ್ರೈನ್ ಬಂತು" ಅಂದ.

ಹಳಿ ಖಾಲಿಯಿತ್ತು. ಎರಡೂ ಕಡೆ ಸಿಗ್ನಲ್ ಕೂಡ ಬಿದ್ದಿರಲಿಲ್ಲ.